ಮುಳ್ಳಿನಿಂದ ಮುಳ್ಳು ತೆಗೆಯಬಹುದೇ? ಗಾಂಜಾ, ಬ್ರಾಂದಿ, ಬೀಡಿಗಳ ಬಗ್ಗೆ ನಾಲ್ಕು ಮಾತು



ಹೊಲ, ತೋಟ, ದನಕರು, ಕಾಯಿಲೆ ಕಸಾಲೆಗಳ ವಿಚಾರವನ್ನು ಈ ಅಂಕಣದಲ್ಲಿ ಮಾತಾಡಿಕೊಳ್ಳುತ್ತಾ ಬಂದಿದ್ದೇವೆ. ಈ ಸಲ ಎತ್ತಿಕೊಂಡಿರುವ ವಿಷಯ ಗಾಂಜಾ. ಧರ್ಮಕೇಂದ್ರದ ಪತ್ರಿಕೆಯಲ್ಲಿ ಇದೇನು ಎಂದು ಹುಬ್ಬೇರಿಸಬೇಡಿ. ಮನೆ ಭೇಟಿಗೆ ಹೋದ ಕಡೆಯೆಲ್ಲ ಈ ಪ್ರಶ್ನೆ ಬರುತ್ತಿದೆ. ಹಿರಿಯರು ತಗ್ಗಿದ ದನಿಯಲ್ಲಿ ಕೇಳುತ್ತಾರೆ, ಹುಡುಗರು ನೇರವಾಗಿಯೇ ಕೇಳುತ್ತಾರೆ. ಕೇಳಿದ ಪ್ರಶ್ನೆಗೆ ಉತ್ತರ ಹೇಳದೆ ಬರೀ ಗದರಿಸಿದರೆ, ಅವರು ಉತ್ತರವನ್ನು ಬೇರೆ ಕಡೆ ಹುಡುಕಿಕೊಳ್ಳುತ್ತಾರೆ.

ಬೆಂಗಳೂರು, ಹೊಸೂರು, ತಿರುಪ್ಪೂರುಗಳಲ್ಲಿ ದುಡಿಯುವ ನಮ್ಮ ಹುಡುಗರ ಮಾತು ಹೀಗಿದೆ: "ಸ್ವಾಮಿ, ಕೆನಡಾದಲ್ಲಿ ಗಾಂಜಾ ಅಂಗಡಿಯಲ್ಲೇ ಸಿಗುತ್ತದಂತೆ. ಅಮೆರಿಕಾದ ಎಷ್ಟೋ ರಾಜ್ಯಗಳಲ್ಲೂ ಬಿಟ್ಟಿದ್ದಾರಂತೆ. ಅಲ್ಲೆಲ್ಲ ಕುಡಿಯುವವರು, ಸಿಗರೇಟು ಸೇದುವವರು ಕಡಿಮೆಯಾದರಂತೆ. ಇಲ್ಲಿಯೂ ಬಿಟ್ಟರೆ ಟಾಸ್ಮಾಕ್ ಕಾಟ ತಪ್ಪುತ್ತದಲ್ಲ?" ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಹೆಣ್ಣುಮಕ್ಕಳ ಮಾತು. "ಕುಡಿದು ಬಂದು ಹೊಡೆಯುವುದಕ್ಕಿಂತ ಅದನ್ನು ಸೇದಿ ಒಂದು ಮೂಲೆಯಲ್ಲಿ ಸುಮ್ಮನೆ ಬಿದ್ದಿದ್ದರೆ ವಾಸಿಯಲ್ಲವೇ ಸ್ವಾಮಿ?" ಇದು ನಗುವ ಮಾತಲ್ಲ. ಏಟು ತಿಂದವರ ಬಾಯಿಂದ ಬಂದ ಮಾತು. ಅದಕ್ಕೆ ತಕ್ಕ ಉತ್ತರ ಕೊಡುವುದು ನಮ್ಮ ಕರ್ತವ್ಯ.

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂದು ನಮ್ಮಲ್ಲಿ ಗಾದೆ ಇದೆ. ಒಂದು ಅಮಲನ್ನು ಇನ್ನೊಂದು ಅಮಲು ಹೀಗೆ ತೆಗೆದುಹಾಕುತ್ತದೆಯೇ, ಇಲ್ಲವೇ ಎರಡು ಮುಳ್ಳೂ ಕಾಲಿನಲ್ಲೇ ಉಳಿಯುತ್ತವೆಯೇ? ಪ್ರಶ್ನೆ ಇಷ್ಟೇ. ಇದಕ್ಕೆ ಉತ್ತರ ಹುಡುಕಲು ಮೊದಲು ಕೆನಡಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಸೇಲಂ ಜಿಲ್ಲೆಯೇ ಇದರಲ್ಲಿ ದೊಡ್ಡ ಪಾಠಶಾಲೆ.

ನಮ್ಮ ಜಿಲ್ಲೆ ಕಂಡದ್ದು

ಬ್ರಿಟಿಷರ ಕಾಲದಲ್ಲಿ ಗಾಂಜಾ ಕದ್ದು ಮಾರುವ ಸರಕಾಗಿರಲಿಲ್ಲ. ಕಳ್ಳು, ಸಾರಾಯಿಗಳಂತೆ ಅದನ್ನೂ ಸರಕಾರದ ಪರವಾನಗಿ ಪಡೆದ ಅಂಗಡಿಗಳಲ್ಲಿ ಮಾರುತ್ತಿದ್ದರು. ಮದರಾಸು ಪ್ರಾಂತ್ಯಕ್ಕೆ ಬೇಕಾದ ಗಾಂಜಾದಲ್ಲಿ ಒಂದು ಪಾಲು ನಮ್ಮ ಪಕ್ಕದ ಉತ್ತರ ಆರ್ಕಾಟಿನ ಜವ್ವಾದಿ ಬೆಟ್ಟಗಳಲ್ಲಿ ಸರಕಾರದ ಕಣ್ಗಾವಲಿನಲ್ಲೇ ಬೆಳೆಯುತ್ತಿತ್ತು.

ಈ ವ್ಯಾಪಾರ ಸರಿಯೇ ತಪ್ಪೇ ಎಂದು ವಿಚಾರಿಸಲು 1893ರಲ್ಲಿ ಸರಕಾರ ಒಂದು ಆಯೋಗವನ್ನು ನೇಮಿಸಿತು. ಅದು ದೇಶವೆಲ್ಲ ಸುತ್ತಿ, ನೂರಾರು ಸಾಕ್ಷಿಗಳನ್ನು ಕೇಳಿ, 1894ರಲ್ಲಿ ವರದಿ ಕೊಟ್ಟಿತು. ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಕೇಡು ಕಾಣುವುದಿಲ್ಲ, ಅತಿಯಾದರೆ ಕೇಡಿದೆ, ಆದುದರಿಂದ ಪೂರ್ತಿ ನಿಷೇಧಿಸದೆ ತೆರಿಗೆ ಹಾಕಿ ಹದ್ದಿನಲ್ಲಿಡಬೇಕು ಎಂಬುದು ಅದರ ತೀರ್ಮಾನ. ಪೂರ್ತಿ ನಿಲ್ಲಿಸಿದರೆ ಜನ ಮದ್ಯಕ್ಕೋ ಇನ್ನೂ ಕೆಟ್ಟ ವಿಷಕ್ಕೋ ಕೈಹಾಕಬಹುದು ಎಂಬ ಭಯವನ್ನೂ ಅದು ಸೂಚಿಸಿತ್ತು. ಇಂದಿನ ಹುಡುಗರ ವಾದ ಹೊಸದೇನಲ್ಲ. ಅದಕ್ಕೆ 130 ವರ್ಷ ವಯಸ್ಸಾಗಿದೆ.

ಈಗ ಯೋಚಿಸಿ. ಗಾಂಜಾ ಅಂಗಡಿ ತೆರೆದಿದ್ದ ಆ ವರ್ಷಗಳಲ್ಲಿ ಕಳ್ಳಂಗಡಿ ಮುಚ್ಚಿತೇ? ಇಲ್ಲ. ಎರಡೂ ಒಟ್ಟೊಟ್ಟಿಗೆ ನಡೆದವು. ಅಬ್ಕಾರಿ ತೆರಿಗೆ ಪ್ರಾಂತ್ಯದ ಬೊಕ್ಕಸಕ್ಕೆ ದೊಡ್ಡ ಆದಾಯವಾಗಿತ್ತು. ಬಡವರ ಕೂಲಿ ಅಂಗಡಿಗೆ ಹೋಗುತ್ತದೆ ಎಂಬ ಸಂಕಟದಿಂದಲೇ ರಾಜಾಜಿಯವರು ತಿರುಚೆಂಗೋಡಿನ ಬಳಿಯ ಪುದುಪಾಳೆಯದ ಆಶ್ರಮದಲ್ಲಿ ಕುಳಿತು ವರ್ಷಗಟ್ಟಲೆ ಪಾನವಿರೋಧಿ ಪ್ರಚಾರ ನಡೆಸಿದರು. 1937ರಲ್ಲಿ ಅವರೇ ಪ್ರಾಂತ್ಯದ ಪ್ರಧಾನಿಯಾದಾಗ, ಆ ವರ್ಷದ ಅಕ್ಟೋಬರ್ 1ರಂದು, ಪ್ರಾಂತ್ಯದಲ್ಲೇ ಮೊದಲು ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ಜಾರಿಗೆ ಬಂತು. ಧರ್ಮಪುರಿ, ಕೃಷ್ಣಗಿರಿ, ಹೊಸೂರು ಎಲ್ಲವೂ ಆಗ ಸೇಲಂ ಜಿಲ್ಲೆಗೇ ಸೇರಿದ್ದವು. ಆ ಕಾಯಿದೆ ಮದ್ಯದ ಜೊತೆಗೆ ಗಾಂಜಾ, ಭಂಗಿಯಂಥ ಅಮಲು ಪದಾರ್ಥಗಳನ್ನೂ ಹಿಡಿದಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ತಡೆದರೆ ಜನ ಬಿಟ್ಟದ್ದರ ಕಡೆಗೆ ಹೊರಳುತ್ತಾರೆ ಎಂಬುದನ್ನು ಕಾಯಿದೆ ಬರೆದವರು ಅರಿತಿದ್ದರೆಂದು ಕಾಣುತ್ತದೆ.

ಅಂಗಡಿ ಮುಚ್ಚಿದ ಮೇಲೆ ಕೆಲವರು ಕುಡಿತವನ್ನು ನಿಜವಾಗಿಯೂ ಬಿಟ್ಟರು. ಸಂಜೆ ಹೊತ್ತು ಕಳೆಯಲು ಕಾಫಿ, ಟೀ ಅಂಗಡಿಗಳು ಬಂದವು. ಕೂಲಿ ಹಣ ಮನೆ ಸೇರಿತು. ಇನ್ನು ಕೆಲವರು ಕಾಡು ಗುಡ್ಡಗಳಲ್ಲಿ ಕಳ್ಳಭಟ್ಟಿ ಹೂಡಿದರು. ಬೊಕ್ಕಸಕ್ಕೆ ಆದ ನಷ್ಟ ತುಂಬಲು 1939ರಲ್ಲಿ ಮಾರಾಟ ತೆರಿಗೆ ಬಂತು. ಯುದ್ಧಕಾಲದಲ್ಲಿ ನಿಷೇಧ ಸಡಿಲವಾಯಿತು, 1948ರಲ್ಲಿ ಪ್ರಾಂತ್ಯಕ್ಕೆಲ್ಲ ಹಬ್ಬಿತು. 1971ರಲ್ಲಿ ಕರುಣಾನಿಧಿಯವರ ಸರಕಾರ ಅದನ್ನು ತೆಗೆಯಹೊರಟಾಗ, ಮುಪ್ಪಿನ ರಾಜಾಜಿಯವರು ಬೇಡವೆಂದು ಕೇಳಿಕೊಂಡರು. ಕೇಳಿಕೆ ಫಲಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಅದೇ ಸರಕಾರ ಮತ್ತೆ ಅಂಗಡಿ ಮುಚ್ಚಿತು. 1981ರಲ್ಲಿ ಮತ್ತೆ ತೆರೆಯಿತು. 1983ರಲ್ಲಿ ಟಾಸ್ಮಾಕ್ ಹುಟ್ಟಿತು. 2003ರಿಂದ ಚಿಲ್ಲರೆ ಮಾರಾಟವೂ ಅದರ ಕೈಗೇ ಬಂತು. 2024-25ರಲ್ಲಿ ಅದರಿಂದ ಸರಕಾರಕ್ಕೆ ಬಂದ ಆದಾಯ 48,000 ಕೋಟಿ ರೂಪಾಯಿಗೂ ಮಿಗಿಲು.

ಈ ಇತಿಹಾಸದಿಂದ ನಾನು ಕಲಿತ ಪಾಠ ಎರಡು. ಒಂದು, ಬಾಗಿಲು ಮುಚ್ಚಿದ ಮಾತ್ರಕ್ಕೆ ಎಲ್ಲರ ಬಾಯಾರಿಕೆ ಇಂಗುವುದಿಲ್ಲ. ಎರಡು, ಬಾಗಿಲು ತೆರೆದಾಗ ಒಳಗೆ ಹೋಗುವವರು ಹಳೆಯ ಕುಡುಕರು ಮಾತ್ರವಲ್ಲ, ಅದರ ರುಚಿಯನ್ನೇ ಕಾಣದಿದ್ದ ಹೊಸ ಹುಡುಗರೂ ಹೋಗುತ್ತಾರೆ. 1948ರಿಂದ 1971ರವರೆಗೆ ಒಂದು ತಲೆಮಾರು ಊರಲ್ಲಿ ಮದ್ಯದಂಗಡಿಯ ಮುಖವನ್ನೇ ನೋಡದೆ ಬೆಳೆದಿತ್ತು. ತೆರೆದ ಮೇಲೆ ಅದರ ಮಕ್ಕಳು ಹಾಗೆ ಬೆಳೆಯಲಿಲ್ಲ.

ಗಡಿಯಾಚೆಯ ಕರ್ನಾಟಕದ ಮಾತೂ ಇದಕ್ಕೆ ಹತ್ತಿರದ್ದೇ. 2007ರ ಜುಲೈ 1ರಿಂದ ಅಲ್ಲಿ ಸಾರಾಯಿ ನಿಂತಿತು. ಹಳ್ಳಿಯ ಹೆಂಗಸರು ಅದಕ್ಕಾಗಿ ಎಷ್ಟೋ ಹೋರಾಡಿದ್ದರು. ಆದರೆ ಅಗ್ಗದ ವಿಸ್ಕಿ, ಬ್ರಾಂದಿ ಪಕ್ಕದಲ್ಲೇ ಇದ್ದವು. ಸಾರಾಯಿ ಕುಡಿಯುತ್ತಿದ್ದವರಲ್ಲಿ ಅನೇಕರು ಅವುಗಳ ಕಡೆಗೆ ಹೊರಳಿದರು. ಕೈಯಲ್ಲಿದ್ದ ಪೊಟ್ಟಣ ಬದಲಾಯಿತು, ಸಂಜೆಯ ದಾರಿ ಬದಲಾಗಲಿಲ್ಲ.

ಹೊರದೇಶದ ಲೆಕ್ಕ ಏನು ಹೇಳುತ್ತದೆ?

ಈಗ ಹುಡುಗರು ಹೇಳುವ ದೇಶಗಳಿಗೆ ಬರೋಣ. ಉರುಗ್ವೆ 2013ರಲ್ಲಿ ಕಾಯಿದೆ ಮಾಡಿತು. ಅಮೆರಿಕಾದ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳ ಜನ 2012ರಲ್ಲಿ ಮತ ಹಾಕಿ ಒಪ್ಪಿದರು. ಕೆನಡಾ ದೇಶವಿಡೀ 2018ರ ಅಕ್ಟೋಬರ್ 17ರಂದು ಬಿಟ್ಟಿತು. ಜರ್ಮನಿ 2024ರ ಏಪ್ರಿಲ್‌ನಲ್ಲಿ ವಯಸ್ಕರಿಗೆ ಮಿತಿ ಹಾಕಿ ಬಿಟ್ಟಿತು. ಹತ್ತು ಹನ್ನೆರಡು ವರ್ಷಗಳಿಂದ ಅಲ್ಲಿನ ಪಂಡಿತರು ಲೆಕ್ಕ ಹಾಕುತ್ತಲೇ ಇದ್ದಾರೆ, ಆದರೆ ಒಮ್ಮತಕ್ಕೆ ಬಂದಿಲ್ಲ.

ಹುಡುಗರ ಪರವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಕೆನಡಾದಲ್ಲಿ ಕಾಯಿದೆ ಬಂದ ಮೇಲೆ ಬಿಯರ್ ಮಾರಾಟ ಸ್ವಲ್ಪ ಇಳಿಯಿತು ಎಂದು ಒಂದು ಅಧ್ಯಯನ ತೋರಿಸಿದೆ. ಆದರೆ ವಿಸ್ಕಿ, ಬ್ರಾಂದಿಯಂಥ ಕಟು ಮದ್ಯದಲ್ಲಿ ಅಂಥ ಇಳಿತ ಅದಕ್ಕೆ ಕಾಣಲಿಲ್ಲ. 2025ರಲ್ಲಿ ಅಮೆರಿಕಾದ ಬ್ರೌನ್ ವಿಶ್ವವಿದ್ಯಾಲಯದವರು ಪ್ರಯೋಗಶಾಲೆಯಲ್ಲಿ, ಎರಡನ್ನೂ ಬಳಸುವ ಜನರಿಗೆ ಗಾಂಜಾ ಸೇದಿಸಿ, ಆಮೇಲೆ ಮದ್ಯವನ್ನು ಮುಂದಿಟ್ಟು ನೋಡಿದರು. ಕಟುವಾದ ಗಾಂಜಾ ಸೇದಿದವರು ಆ ಎರಡು ಗಂಟೆಗಳಲ್ಲಿ ಸುಮಾರು ಕಾಲು ಭಾಗದಷ್ಟು ಕಡಿಮೆ ಕುಡಿದರು. ಇದು ಸುಳ್ಳಲ್ಲ. ಆದರೆ ಒಂದು ಸಂಜೆ ಎರಡು ಲೋಟ ಕಡಿಮೆ ಕುಡಿಯುವುದು ಬೇರೆ, ಚಟ ಬಿಡುವುದು ಬೇರೆ. ಇದನ್ನು ಔಷಧವೆಂದು ತಿಳಿಯಬಾರದು ಎಂದು ಆ ಸಂಶೋಧಕರೇ ಎಚ್ಚರಿಸಿದ್ದಾರೆ.

ಈಗ ಇನ್ನೊಂದು ಪಕ್ಕ ನೋಡಿ. ಅಮೆರಿಕಾದಲ್ಲಿ ದಿನವೂ ಅಥವಾ ಹೆಚ್ಚುಕಡಿಮೆ ದಿನವೂ ಗಾಂಜಾ ಬಳಸುವವರು 1992ರಲ್ಲಿ ಹತ್ತು ಲಕ್ಷಕ್ಕಿಂತ ಕಡಿಮೆ ಇದ್ದರು. 2022ರ ಹೊತ್ತಿಗೆ ಅವರು 1 ಕೋಟಿ 77 ಲಕ್ಷ ಆದರು. ಅದೇ ವರ್ಷ ಅಷ್ಟೇ ನಿತ್ಯವಾಗಿ ಕುಡಿಯುವವರು 1 ಕೋಟಿ 47 ಲಕ್ಷ. ದಿನನಿತ್ಯದ ಚಟದಲ್ಲಿ ಗಾಂಜಾ ಮದ್ಯವನ್ನೇ ಮೀರಿಸಿದ್ದು ಅದೇ ಮೊದಲು. ಗಾಂಜಾ ಹೀಗೆ ಹದಿನೇಳು ಪಟ್ಟಿಗೂ ಮಿಗಿಲಾಗಿ ಬೆಳೆದರೂ ನಿತ್ಯ ಕುಡಿಯುವವರು ಕೋಟಿಗಟ್ಟಲೆ ಉಳಿದೇ ಇದ್ದಾರೆ. ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವವರೂ ಬಹಳ. ಮದ್ಯದ ಜೊತೆ ಗಾಂಜಾ ಸೇರಿದರೆ ಗಾಂಜಾದ ಸತ್ವ ರಕ್ತದಲ್ಲಿ ಇನ್ನೂ ಏರುತ್ತದೆ, ಗಾಡಿ ಓಡಿಸುವವನ ಕೈ ಇನ್ನಷ್ಟು ತಪ್ಪುತ್ತದೆ. ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರ, ಕಟ್ಟೆಯಿಲ್ಲದ ಬಾವಿ ಇರುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಥಾಯ್ಲೆಂಡಿನ ಕಥೆಯನ್ನೂ ಕೇಳಿ. 2022ರ ಜೂನ್ 9ರಂದು ಅಲ್ಲಿ ಗಾಂಜಾವನ್ನು ನಿಷಿದ್ಧ ವಸ್ತುಗಳ ಪಟ್ಟಿಯಿಂದ ತೆಗೆದರು. ಸಾವಿರಾರು ಅಂಗಡಿಗಳು ಎದ್ದವು. ಮೂರೇ ವರ್ಷದಲ್ಲಿ, 2025ರ ಜೂನ್‌ನಲ್ಲಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು ಅದೇ ದೇಶ ಹಿಂದೆ ಸರಿಯಿತು. ಒಮ್ಮೆ ಬಿಟ್ಟ ನೀರನ್ನು ಮತ್ತೆ ಕಟ್ಟೆಗೆ ತರುವುದು ಎಷ್ಟು ಕಷ್ಟ ಎಂಬುದು ಮಡೆ ತಿರುಗಿಸುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಆ ತಾಯಂದಿರಿಗೆ ಉತ್ತರ

ಗಾಂಜಾ ಸೇದಿದವನು ಸುಮ್ಮನೆ ಬಿದ್ದಿರುತ್ತಾನೆ ಎಂಬ ಮಾತಿನಲ್ಲಿ ಅರೆಪಾಲು ನಿಜವಿದೆ. ಹೆಂಡತಿ ಮಕ್ಕಳಿಗೆ ಹೊಡೆಯುವುದು, ಬೀದಿ ಜಗಳ, ಕೊಲೆ, ಇವುಗಳ ಹಿಂದೆ ಮದ್ಯ ಇರುವಷ್ಟು ಗಾಂಜಾ ಇರುವುದಿಲ್ಲ. ಲಿವರ್ ಹಾಳಾಗಿ ಸಾಯುವವರೂ ಮದ್ಯದಿಂದಲೇ ಹೆಚ್ಚು. ಇದನ್ನು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಟಾಸ್ಮಾಕ್ ಅಂಗಡಿಯನ್ನು ಸಹಿಸಿಕೊಂಡು ಗಾಂಜಾ ಎಂದರೆ ಮಾತ್ರ ಬೆಚ್ಚಿಬೀಳುವುದು ನ್ಯಾಯವಲ್ಲ.

ಆದರೆ ಉಳಿದ ಅರೆಪಾಲನ್ನೂ ಕೇಳಬೇಕು. ದಿನವೂ ಸೇದುವವನಿಗೆ ಕೆಲಸದಲ್ಲಿ ಆಸಕ್ತಿ ಇಳಿಯುತ್ತದೆ, ಮರೆವು ಬರುತ್ತದೆ. ಚಿಕ್ಕ ವಯಸ್ಸಿನಲ್ಲಿ ಶುರುಮಾಡಿದ ಕೆಲವರಿಗೆ, ಅದರಲ್ಲೂ ಕಟುವಾದ ಸರಕು ಬಳಸುವವರಿಗೆ, ಇಲ್ಲದ ದನಿ ಕೇಳಿಸುವುದು, ಮನೆಯವರ ಮೇಲೇ ಸಂಶಯ ಬರುವುದು, ಹೀಗೆ ಬುದ್ಧಿ ಕೆಡುವ ಕಾಯಿಲೆ ಹತ್ತಬಹುದು. ಮನೆತನದಲ್ಲಿ ಮೊದಲೇ ಅಂಥ ಕಾಯಿಲೆ ಇದ್ದರೆ ಅಪಾಯ ಇನ್ನೂ ಹೆಚ್ಚು. ಮುಖ್ಯವಾದ ಮಾತೆಂದರೆ, ನಿಮ್ಮ ಮನೆಯ ಯಜಮಾನರು ಬ್ರಾಂದಿ ಬಿಟ್ಟು ಗಾಂಜಾ ಹಿಡಿಯುತ್ತಾರೆ ಎಂದು ನೀವು ಎಣಿಸುತ್ತೀರಿ. ಹೆಚ್ಚಾಗಿ ನಡೆಯುವುದು ಬ್ರಾಂದಿಯ ಜೊತೆಗೆ ಗಾಂಜಾ. ಏಟೂ ನಿಲ್ಲುವುದಿಲ್ಲ, ಖರ್ಚು ಮಾತ್ರ ಇಮ್ಮಡಿಯಾಗುತ್ತದೆ.

ಖರ್ಚಿನ ಲೆಕ್ಕವನ್ನು ಒಮ್ಮೆ ಮನೆಯಲ್ಲಿ ಕುಳಿತು ಹಾಕಿ ನೋಡಿ. ದಿನಕ್ಕೆ ಒಂದು ಕ್ವಾರ್ಟರ್, 150 ರೂಪಾಯಿ ಎಂದಿಟ್ಟುಕೊಳ್ಳಿ. ತಿಂಗಳಿಗೆ 4,500, ವರ್ಷಕ್ಕೆ 54,000. ಬೀಡಿಗೆ ದಿನಕ್ಕೆ 25 ಎಂದರೆ ವರ್ಷಕ್ಕೆ 9,000. ಒಟ್ಟು 63,000 ರೂಪಾಯಿ. ಆ ದುಡ್ಡಿಗೆ ಒಳ್ಳೆಯ ಕರೆಯುವ ಹಸು ಬರುತ್ತದೆ. ವರ್ಷಕ್ಕೊಂದು ಹಸುವನ್ನು ಕುಡಿದು ಸೇದಿ ಮುಗಿಸುವ ಮನೆಗೆ ಮೂರನೆಯ ಚಟ ಹೊರುವ ಶಕ್ತಿ ಎಲ್ಲಿದೆ?

ಬೀಡಿಯ ವಿಷಯ

ಸೇದುವ ಚಟದ ಬಗ್ಗೆ ಹುಡುಗರ ವಾದ ಇನ್ನೂ ದುರ್ಬಲ. ನಮ್ಮ ದೇಶದಲ್ಲಿ ಗಾಂಜಾವನ್ನು ಬರಿದಾಗಿ ಸೇದುವವರು ಕಡಿಮೆ. ಚಿಲುಮೆಯಲ್ಲಿ ಹೊಗೆಸೊಪ್ಪಿನ ಜೊತೆ ಬೆರೆಸುತ್ತಾರೆ, ಇಲ್ಲವೇ ಬೀಡಿ ಸಿಗರೇಟಿನ ಪುಡಿ ಉದುರಿಸಿ ಅದರೊಳಗೆ ತುಂಬುತ್ತಾರೆ. ಹೊಗೆಸೊಪ್ಪು ಬೆರೆಸುವ ಪದ್ಧತಿಯನ್ನು 1894ರ ವರದಿಯೇ ಗುರುತಿಸಿದೆ. ಆದುದರಿಂದ ನಮ್ಮಲ್ಲಿ ಗಾಂಜಾ ಎಂದರೆ ಹೊಗೆಸೊಪ್ಪಿಗೆ ಇನ್ನೊಂದು ಕಾಲುದಾರಿ. ಕಷ್ಟಪಟ್ಟು ಬೀಡಿ ಬಿಟ್ಟವನನ್ನೂ ಅದು ಮತ್ತೆ ನಿಕೊಟಿನ್‌ಗೆ ಎಳೆದು ತರುತ್ತದೆ. ಗಾಂಜಾ ಗಿಡಮೂಲಿಕೆ, ಬೀಡಿಯಂತಲ್ಲ ಎಂದು ಕೆಲವರು ಹೇಳುತ್ತಾರೆ. ಯಾವ ಎಲೆಯನ್ನು ಸುಟ್ಟರೂ ಹೊಗೆಯಲ್ಲಿ ಟಾರು, ಇಂಗಾಲದ ಮಾನಾಕ್ಸೈಡು ಇದ್ದೇ ಇರುತ್ತವೆ. ಎದೆಗೂಡಿಗೆ ಅದು ಮೂಲಿಕೆಯೋ ಹೊಗೆಸೊಪ್ಪೋ ತಿಳಿಯುವುದಿಲ್ಲ.

ಅಮೆರಿಕಾದಲ್ಲಿ ಸಿಗರೇಟು ಸೇದುವ ವಯಸ್ಕರು 1965ರಲ್ಲಿ ನೂರಕ್ಕೆ 42 ಇದ್ದವರು 2022ರ ಹೊತ್ತಿಗೆ 12ಕ್ಕೂ ಕೆಳಗಿಳಿದಿದ್ದಾರೆ. ಆದರೆ ಇಳಿಯಲು ಶುರುವಾದದ್ದು ಗಾಂಜಾ ಅಂಗಡಿ ತೆರೆಯುವುದಕ್ಕೆ ಅರ್ಧ ಶತಮಾನ ಮೊದಲು. ನಮ್ಮ ದೇಶವನ್ನೇ ನೋಡಿ. ಹೊಗೆಸೊಪ್ಪನ್ನು ಯಾವುದೇ ರೂಪದಲ್ಲಿ ಬಳಸುವ ವಯಸ್ಕರು 2009-10ರಲ್ಲಿ ನೂರಕ್ಕೆ 34.6 ಇದ್ದದ್ದು 2016-17ರಲ್ಲಿ 28.6ಕ್ಕೆ ಇಳಿಯಿತು. ತಮಿಳುನಾಡಿನಲ್ಲಿ ಅದು 20. ಗಾಂಜಾ ಬಿಟ್ಟಿದ್ದರಿಂದ ಇದಾಯಿತೇ? ಇಲ್ಲ. 2008ರ ಅಕ್ಟೋಬರ್ 2ರಿಂದ ಬಸ್ಸು, ಕಚೇರಿ, ಟೀ ಅಂಗಡಿಗಳಂಥ ಸಾರ್ವಜನಿಕ ಸ್ಥಳಗಳಲ್ಲಿ ಸೇದುವುದನ್ನು ತಡೆದರು. ಪೊಟ್ಟಣದ ಮೇಲೆ ಕ್ಯಾನ್ಸರಿನ ಚಿತ್ರ ಅಚ್ಚು ಹಾಕಿದರು. ತೆರಿಗೆ ಏರಿಸಿದರು. ಗುಟ್ಕಾ ನಿಷೇಧಿಸಿದರು. ಬೆಲೆ, ಅಡ್ಡಿ, ಎಚ್ಚರಿಕೆ, ಈ ಮೂರರಿಂದಲೇ ಚಟ ತಗ್ಗಿತು. ಬೀಡಿಯ ಮೇಲೆ ಮಾತ್ರ ಸಿಗರೇಟಿನಷ್ಟು ಹೊರೆ ಬೀಳಲೇ ಇಲ್ಲ. ನಮ್ಮ ಹಳ್ಳಿಗಳ ಕೆಮ್ಮು ಉಬ್ಬಸಗಳಲ್ಲಿ ಅದರ ಪಾಲು ದೊಡ್ಡದು.

ಕಳ್ಳ ವ್ಯಾಪಾರ ನಿಲ್ಲುವುದೇ?

ಕಾಯಿದೆಬದ್ಧ ಅಂಗಡಿ ಬಂದರೆ ಕಳ್ಳ ಸರಕು ತಾನಾಗಿ ಸಾಯುತ್ತದೆ ಎಂಬುದು ಇನ್ನೊಂದು ವಾದ. ಇದಕ್ಕೆ ಉತ್ತರ ಕಲ್ಲಕುರಿಚಿಯಲ್ಲಿದೆ. 2024ರ ಜೂನ್‌ನಲ್ಲಿ ಅಲ್ಲಿನ ಕರುಣಾಪುರದ ಸುತ್ತಮುತ್ತ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು 60ಕ್ಕೂ ಹೆಚ್ಚು ಜನ ಸತ್ತರು. ಬಹುತೇಕ ಕೂಲಿಯವರು. ಟಾಸ್ಮಾಕ್ ಅಂಗಡಿಗಳು ತೆರೆದಿರುವ ರಾಜ್ಯವಿದು. ಆದರೆ ಅಂಗಡಿಯ ಕ್ವಾರ್ಟರ್ ಕೊಳ್ಳಲಾಗದವನಿಗೆ ಪೊಟ್ಟಣದ ಸಾರಾಯಿ ಅಗ್ಗವಾಗಿ ಸಿಗುತ್ತಿತ್ತು. ತೆರಿಗೆ ಹಾಕಿದರೆ ಬೆಲೆ ಏರುತ್ತದೆ, ಬೆಲೆ ಏರಿದರೆ ಬಡವನಿಗೆ ಕಳ್ಳ ಸರಕು ಹತ್ತಿರವಾಗುತ್ತದೆ. ತೆರಿಗೆ ಇಳಿಸಿದರೆ ಎಲ್ಲರೂ ಕೊಳ್ಳುತ್ತಾರೆ. ಗಾಂಜಾಕ್ಕೂ ಈ ಇಕ್ಕಟ್ಟು ತಪ್ಪುವುದಿಲ್ಲ.

ಕಳ್ಳಿನ ಬಗ್ಗೆಯೂ ನಮ್ಮಲ್ಲಿ ಇಂಥದೇ ವಾದ ನಡೆಯುತ್ತಿದೆ. ತಾಳೆ, ತೆಂಗಿನ ರೈತರು ಕಳ್ಳಿಳಿಸಲು ಅನುಮತಿ ಕೇಳುತ್ತಿದ್ದಾರೆ, ಕಳ್ಳು ಬಂದರೆ ಬ್ರಾಂದಿ ತಗ್ಗುತ್ತದೆ ಎನ್ನುತ್ತಾರೆ. ಮರ ಹತ್ತುವವರ ಹೊಟ್ಟೆಪಾಡಿನ ಪ್ರಶ್ನೆ ಗೌರವಿಸತಕ್ಕದ್ದು, ಗಾಂಜಾದೊಂದಿಗೆ ಅದನ್ನು ಸಮ ಮಾಡಬಾರದು. ಆದರೆ ಬ್ರಾಂದಿ ತಗ್ಗುತ್ತದೆ ಎಂಬ ಭಾಗವನ್ನು ಮಾತ್ರ ಒರೆಗೆ ಹಚ್ಚಬೇಕು. ಕೇರಳದಲ್ಲಿ ಕಳ್ಳಂಗಡಿಗಳು ಇಂದಿಗೂ ಇವೆ, ಬ್ರಾಂದಿ ಅಂಗಡಿಯ ಮುಂದಿನ ಸಾಲೂ ಇದೆ.

ಬೆಳೆಯುವ ಆಸೆಗೆ ಬೀಳಬೇಡಿ

ರೈತ ಕುಟುಂಬಗಳಿಗೆ ಒಂದು ಎಚ್ಚರಿಕೆ. ಮರಗೆಣಸಿನ ಬೆಲೆ ಕುಸಿದ ವರ್ಷ, ಟೊಮೇಟೊವನ್ನು ರಸ್ತೆಗೆ ಸುರಿದ ವರ್ಷ, ಯಾರೋ ಬಂದು "ಸಾಲಿನ ನಡುವೆ ನಾಲ್ಕು ಗಿಡ ಹಾಕಿ, ನಾವೇ ಬಂದು ಕೊಂಡುಕೊಳ್ಳುತ್ತೇವೆ, ಹೇಗೂ ಕಾಯಿದೆ ಸಡಿಲವಾಗುತ್ತದೆ" ಎಂದು ಆಸೆ ತೋರಿಸಬಹುದು. ನಂಬಬೇಡಿ. 1985ರ ಕೇಂದ್ರ ಕಾಯಿದೆ ಇಂದಿಗೂ ಜಾರಿಯಲ್ಲಿದೆ. ಅನುಮತಿಯಿಲ್ಲದೆ ಗಾಂಜಾ ಗಿಡ ಬೆಳೆದರೆ 10 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ. ಗಿಡ ನಾಲ್ಕೇ ಎಂಬುದು ನೆಪವಾಗದು. ನಿಮ್ಮ ಹೊಲವನ್ನು ಗುತ್ತಿಗೆ ಹಿಡಿದವನು ಬೆಳೆಯುತ್ತಿದ್ದಾನೆ ಎಂದು ಗೊತ್ತಿದ್ದೂ ಸುಮ್ಮನಿದ್ದರೆ ಭೂಮಿಯ ಒಡೆಯನಿಗೂ ಶಿಕ್ಷೆಯಿದೆ. ತಿಳಿದ ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಒಡೆಯನ ಕರ್ತವ್ಯವೆಂದು ಕಾಯಿದೆ ಹೇಳುತ್ತದೆ.

ಉತ್ತರಾಖಂಡದಲ್ಲಿ ನಾರಿಗಾಗಿ ಬೆಳೆಯಲು ಅನುಮತಿ ಕೊಟ್ಟಿದ್ದಾರೆ ಎಂದು ಕೆಲವರು ಓದಿದ್ದೀರಿ. ಅದು ಅಮಲಿನ ಸತ್ವ ತೀರ ಕಡಿಮೆ ಇರುವ ತಳಿ, ಅದೂ ಪರವಾನಗಿ ಪಡೆದು ಬೆಳೆಯುವುದು. ನಮ್ಮ ಹೊಲಕ್ಕೆ ಆ ಅನುಮತಿ ಅನ್ವಯಿಸುವುದಿಲ್ಲ. ಹಾಗೆಂದು ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಸೆಣಬಿನ ಬಗ್ಗೆ ಹೆದರಬೇಕಾಗಿಲ್ಲ. ಹಳದಿ ಹೂ ಬಿಡುವ ಆ ಗಿಡ ಬೇರೆಯೇ ಜಾತಿಯದು, ನೆಲಕ್ಕೆ ಸಾರ ಕೊಡುವಂಥದು. ಅದನ್ನು ಧಾರಾಳವಾಗಿ ಬಿತ್ತಿ.

ಹಾಗಾದರೆ ಮಾಡಬೇಕಾದದ್ದೇನು?

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಗಾಂಜಾ ಅಂಗಡಿ ತೆರೆಯುವುದರಿಂದ ನಮ್ಮ ಊರುಗಳ ಕುಡಿತವಾಗಲಿ ಬೀಡಿಯಾಗಲಿ ತಗ್ಗುತ್ತದೆ ಎಂಬ ನಂಬಿಕೆ ನನಗಿಲ್ಲ. ಆದುದರಿಂದ ಅದನ್ನು ತೆರೆಯಬಾರದು. ಹಾಗೆಯೇ, ಗಾಂಜಾ ಸೇದಿ ಸಿಕ್ಕಿಬಿದ್ದ ಇಪ್ಪತ್ತು ವರ್ಷದ ಹುಡುಗನನ್ನು ಜೈಲಿಗೆ ತಳ್ಳಿ ಅವನ ಬಾಳನ್ನೇ ಕೆಡಿಸುವುದೂ ನನಗೆ ಒಪ್ಪಿಗೆಯಿಲ್ಲ. ಮಾರುವವನು ಬೇರೆ, ಮರುಳಾದವನು ಬೇರೆ. ಚಟಕ್ಕೆ ಬಿದ್ದವನು ತಾನಾಗಿ ಬಂದು ಮಾನ್ಯತೆಯುಳ್ಳ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಸೇವನೆಯಂಥ ಸಣ್ಣ ಅಪರಾಧಕ್ಕೆ ಮೊಕದ್ದಮೆಯಿಂದ ರಕ್ಷಣೆ ಕೊಡುವ ಅವಕಾಶ 1985ರ ಕಾಯಿದೆಯಲ್ಲೇ ಇದೆ. ಇದು ಎಷ್ಟೋ ತಂದೆತಾಯಿಗಳಿಗೆ ಗೊತ್ತಿಲ್ಲ. ಮಾನ ಹೋಗುತ್ತದೆ ಎಂದು ಮಗನನ್ನು ಮುಚ್ಚಿಡುತ್ತಾರೆ, ಕಾಯಿಲೆ ಬಲಿಯುತ್ತದೆ.

ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಭಂಗಿ, ಗಾಂಜಾ, ಚರಸ್ ಎಲ್ಲ ಸೇರಿ ಬಳಸುವವರು ಸುಮಾರು 3 ಕೋಟಿ. ಮದ್ಯದ ತೊಂದರೆಗೆ ಸಹಾಯ ಬೇಕಾದವರು 5 ಕೋಟಿ 70 ಲಕ್ಷ. ಕುಡಿತಕ್ಕೆ ಪೂರ್ತಿ ದಾಸರಾದವರಲ್ಲಿ ಏನಾದರೂ ಚಿಕಿತ್ಸೆ ಕಂಡವರು 38ರಲ್ಲಿ ಒಬ್ಬರು ಮಾತ್ರ. ಉಳಿದ 37 ಜನರಿಗೆ ಯಾವ ಬಾಗಿಲೂ ತೆರೆದಿಲ್ಲ. ನಮಗೆ ಬೇಕಾದದ್ದು ಇನ್ನೊಂದು ಅಂಗಡಿಯಲ್ಲ, ತಾಲೂಕಿಗೊಂದು ಚಿಕಿತ್ಸೆಯ ಕೊಠಡಿ. ಮತ ಕೇಳಲು ಬರುವವರನ್ನು ಕೇಳಬೇಕಾದದ್ದು ಇದನ್ನೇ. 2023ರಲ್ಲಿ 500 ಟಾಸ್ಮಾಕ್ ಅಂಗಡಿ ಮುಚ್ಚಿದ್ದನ್ನು ಮೆಚ್ಚೋಣ. ಅಲ್ಲಿಗೆ ಹೋಗುತ್ತಿದ್ದವರು ಈಗ ಎಲ್ಲಿಗೆ ಹೋಗುತ್ತಾರೆ ಎಂದೂ ಕೇಳೋಣ.

ಅಲ್ಲಿಯವರೆಗೆ ಮನೆಗಳಲ್ಲಿ ಮಾಡಬಹುದಾದ ಕೆಲವನ್ನು ಹೇಳುತ್ತೇನೆ.

ಒಂದು: ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಹರಕೆ ಹೊತ್ತೋ ಪಂಥ ಕಟ್ಟಿಯೋ ಒಂದೇ ದಿನದಲ್ಲಿ ನಿಲ್ಲಿಸಬಾರದು. ಕೈನಡುಕ, ಬೆವರು, ನಿದ್ದೆಯಿಲ್ಲದಿರುವುದು, ಆಮೇಲೆ ಫಿಟ್ಸ್, ಬುದ್ಧಿ ಭ್ರಮಣೆ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣಳತೆಯಲ್ಲಿ ಬಿಡಬೇಕು. ಸೇಲಂ ಮತ್ತು ಧರ್ಮಪುರಿಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮಾನಸಿಕ ವೈದ್ಯರನ್ನು ಕಾಣಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಚಟ ಬಿಡಿಸುವ ವಿಭಾಗವೇ ಇದೆ.

ಎರಡು: ಬೀಡಿ ಬಿಡುವವರಿಗೆ ಮೊದಲ ಒಂದೆರಡು ವಾರವೇ ಕಷ್ಟ. ಸಿಟ್ಟು, ತಲೆನೋವು, ಚಡಪಡಿಕೆ ಬರುತ್ತವೆ, ಹೋಗುತ್ತವೆ. ಆಗ ಮನೆಯವರು ಹಂಗಿಸದೆ ಜೊತೆಗಿರಬೇಕು. 1800-11-2356 ಎಂಬ ನಂಬರಿಗೆ ಖರ್ಚಿಲ್ಲದೆ ಫೋನು ಮಾಡಿ ಸಲಹೆ ಪಡೆಯಬಹುದು. ಮದ್ಯ, ಗಾಂಜಾ ಚಟಗಳಿಗೆ 14446.

ಮೂರು: ಮಗನ ಜೇಬಿನಲ್ಲಿ ಗಾಂಜಾ ಸಿಕ್ಕರೆ ಹೊಡೆದು ಮನೆಯಿಂದ ಅಟ್ಟಬೇಡಿ. ಯಾರು ಕೊಟ್ಟರು ಎಂಬುದಕ್ಕಿಂತ ಯಾವ ನೋವಿಗೆ ತೆಗೆದುಕೊಂಡ ಎಂದು ಮೊದಲು ಕೇಳಿ. ಮಾತು ತಪ್ಪುವುದು, ಇಲ್ಲದ್ದು ಕೇಳಿಸುವುದು ಕಂಡರೆ ಮಂತ್ರ ತಂತ್ರಕ್ಕೆ ಓಡದೆ ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ನಾಲ್ಕು: ಊರಹಬ್ಬ, ಮದುವೆಯ ಮನೆ, ಸಾವಿನ ಮನೆ, ಈ ಮೂರು ಕಡೆ ಕುಡಿಸುವ ಪದ್ಧತಿಯನ್ನು ನಾವೇ ಕೂಡಿ ನಿಲ್ಲಿಸಬೇಕು. ಗುಂಡಿ ತೋಡಿದವರಿಗೆ ಕೂಲಿ ಕೊಡಿ, ಊಟ ಹಾಕಿ, ಬಾಟಲಿ ಬೇಡ. ಹುಡುಗರು ಮೊದಲ ಗುಟುಕು ಕುಡಿಯುವುದು ಹೆಚ್ಚಾಗಿ ಇಂಥ ಕಡೆಗಳಲ್ಲೇ, ಹಿರಿಯರ ಕೈಯಿಂದಲೇ. ಇದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗಿಲ್ಲ.

1937ರಲ್ಲಿ ಇಡೀ ಪ್ರಾಂತ್ಯಕ್ಕೆ ದಾರಿ ತೋರಿದ ಜಿಲ್ಲೆ ನಮ್ಮದು. ಅಂದು ಅಂಗಡಿಯ ಬಾಗಿಲು ಮುಚ್ಚುವುದು ಸರಕಾರದ ಕೈಯಲ್ಲಿತ್ತು, ಸಂಜೆ ಕೂಲಿ ಹಣ ಹಿಡಿದು ಮನೆ ಕಡೆ ತಿರುಗುವುದು ಆಳಿನ ಕೈಯಲ್ಲಿತ್ತು. ಈಗಲೂ ಹಾಗೆಯೇ. ಹೊಸ ಬಾಗಿಲು ಯಾವಾಗ ತೆರೆಯುತ್ತದೆ ಎಂದು ಕಾಯುವುದನ್ನು ಬಿಟ್ಟು, ಹಳೆಯ ಬಾಗಿಲಿನೊಳಗೆ ಸಿಕ್ಕಿಕೊಂಡಿರುವ ನಮ್ಮವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆತರೋಣ. ನಿಮ್ಮ ಮನೆಯಲ್ಲಿ ಅಂಥವರಿದ್ದು ಆಸ್ಪತ್ರೆಗೆ ಒಬ್ಬರೇ ಹೋಗಲು ಸಂಕೋಚವಾದರೆ ಬಂಗಲೆಗೆ ಬಂದು ಹೇಳಿ. ಜೊತೆಗೆ ನಾನೂ ಬರುತ್ತೇನೆ.